ಒಂದೇ ಅಕ್ಷರದ ಹಾಡು

ಫೆಬ್ರವರಿ ೯

ಸೊಳ್ಳೆಗೆ,

ನಾನು ಕ್ಷೇಮ, ಅಮ್ಮನೂ ಕ್ಷೇಮ. ನೀನು ಹಾಡು ಕಳಿಸಿ ಇಷ್ಟು ದಿನವಾದರೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ ಎಂದು ಶುರು ಮಾಡುವುದು ಮರ್ಯಾದೆ. ಶುರು ಮಾಡಿದ್ದೇನೆ. ಮರ್ಯಾದೆ ಇಲ್ಲಿಗೆ ಮುಗಿಯಿತು. ತಡವಾಗಿದ್ದಕ್ಕೆ ಕಾರಣ ಕೆಲಸವಲ್ಲ, ಕೋಪ. ಬರೆಯಲು ಕೂತಾಗೆಲ್ಲ ಪೆನ್ನು ಕಾಗದವನ್ನು ತೂತು ಮಾಡಿ ಮೇಜನ್ನು ಗೀಚುತ್ತಿತ್ತು. ಇವತ್ತು ಸ್ವಲ್ಪ ತಣ್ಣಗಾಗಿದ್ದೇನೆ, ಹಾಗಂತ ಖುಷಿಪಡಬೇಡ.

'ಫೋನ್ ಮಾಡಕ್ಕ, ಫೋನ್ ಮಾಡಕ್ಕ' ಎಂದು ಮೆಸೇಜಿನ ಮೇಲೆ ಮೆಸೇಜು ಹಾಕಿದ್ದೀ. ನನ್ನ ಕೈಗೆ ಫೋನು ಬಂದರೆ ಏನಾಗುತ್ತದೆ ಎಂದು ನಿನಗೆ ಗೊತ್ತಿಲ್ಲವೆ? ಹಲೋ ಅನ್ನುವುದರ 'ಹ' ಹೊರಬರುವಷ್ಟರಲ್ಲಿ ಆ ಕಡೆಯವರು 'ಸಿಗ್ನಲ್ ಇಲ್ಲ' ಎಂದು ಇಟ್ಟುಬಿಡುತ್ತಾರೆ. ನನ್ನ ಬಾಯಿ ಉಗ್ಗುತ್ತದೆ, ಪೆನ್ನು ಉಗ್ಗುವುದಿಲ್ಲ. ಆದ್ದರಿಂದ ಇಲ್ಲೇ ಬೈಯುತ್ತೇನೆ, ಎಲ್ಲೂ ಸಿಕ್ಕಿಹಾಕಿಕೊಳ್ಳದೆ, ಆರಾಮವಾಗಿ. ಕೂತು ಓದು.

ಹಾಡು ಕೇಳಿದ್ದು ಲ್ಯಾಬಿನಲ್ಲಿ. ಯಾರೋ ಅಜ್ಜಿಯೊಬ್ಬರ ಹಲ್ಲಿನ ಸೆಟ್ಟಿಗೆ ಕೆಳಸಾಲಿನ ಮುಂದಿನ ಹಲ್ಲುಗಳನ್ನು ಮೇಣದಲ್ಲಿ ಕೂರಿಸುತ್ತಿದ್ದೆ. ಆ ಕೆಲಸಕ್ಕೆ ಕೈ ಗಟ್ಟಿಯಾಗಿರಬೇಕು, ಉಸಿರೂ ಮೆತ್ತಗೆ ಬಿಡಬೇಕು. ಒಂದು ಕಿವಿಗೆ ನಿನ್ನ ಹಾಡು ಸಿಕ್ಕಿಸಿಕೊಂಡೆ. ಮೊದಲು ಡೋಲು ಬಡಿದಂತೆ ಏನೋ ಸದ್ದು, ಅದರ ಮೇಲೆ 'ಪ ಪ ಪ ಪ', ಮತ್ತೆ ಡೋಲು, ಮತ್ತೆ 'ಪ ಪ ಪ ಪ'. ಯಾವುದೋ ಹೆಂಗಸಿನ ದನಿ. ಇದ್ಯಾರಪ್ಪ ಪಾಪ, ನನ್ನ ಹಾಗೇ ಇದ್ದಾಳೆ ಅಂದುಕೊಂಡೆ. ಇನ್ನೊಂದು ಸುತ್ತು ಬಂದ ಮೇಲೆ ನನಗೇ ಗೊತ್ತಾಯಿತು, ಅವಳು ನಾನು. ಕೈ ಜಾರಿತು, ಅಜ್ಜಿಯ ಮುಂದಿನ ಹಲ್ಲು ಸೊಟ್ಟಗೆ ಕೂತಿತು. ಯಜಮಾನರು ಕನ್ನಡಕ ಏರಿಸಿ ನೋಡಿ, 'ಏನಮ್ಮಾ, ಅಜ್ಜಿ ನಗೋದು ಬೇಡ್ವಾ?' ಎಂದರು. ಇಡೀ ಸಾಲನ್ನು ಕಿತ್ತು ಮತ್ತೆ ಕೂರಿಸಿದೆ.

ಈಗ ನೀನು ನನಗೆ ಏನು ಹೇಳಿ ಆ ಸ್ಟುಡಿಯೋಗೆ ಕರೆದುಕೊಂಡು ಹೋದೆ ಎಂದು ನೆನಪಿಸುತ್ತೇನೆ. ನಿನಗೆ ಮರೆವು ಜಾಸ್ತಿ. ನೀನು ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕೂತು ಹೇಳಿದ್ದು ಇದು: 'ಅಕ್ಕ, ನನ್ನ ಮೊದಲನೇ ಆಲ್ಬಮ್ಮು. ಅದು ಶುರುವಾಗೋದು ನಿನ್ನ ದನೀಲೇ ಆಗ್ಬೇಕು. ನನ್ನ ಹೆಸರು ಹೇಳಿ, ಇವ್ನು ನನ್ನ ತಮ್ಮ, ಇವನ ಮಾತು ಕೇಳಿ ಅಂತ ಹೇಳು, ಅಷ್ಟೇ.' 'ತಕರಾರು ಅಂತ ಹೇಳಲಾ?' ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ನೀನೇ ನಿನಗಿಟ್ಟುಕೊಂಡ ಹೆಸರಲ್ಲವೆ ಅದು, ಗೋಡೆಗಳ ಮೇಲೆಲ್ಲ ಬರೆದುಕೊಂಡು ತಿರುಗುತ್ತೀಯಲ್ಲ. ನೀನು ತಲೆ ಅಲ್ಲಾಡಿಸಿದೆ. 'ತಕರಾರು ಊರಿಗೆ. ನೀನು ನನ್ನ ಹೆಸರೇ ಹೇಳು. ಎಷ್ಟು ಹೊತ್ತಾದ್ರೂ ಆಗ್ಲಿ, ನಾನು ಕಾಯ್ತೀನಿ.'

ನಿನ್ನ ಹೆಸರು ಶುರುವಾಗುವುದು ಯಾವ ಅಕ್ಷರದಿಂದ ಎಂದು ಇಬ್ಬರಿಗೂ ಗೊತ್ತಿದೆ. ಬೇರೆಲ್ಲ ಅಕ್ಷರಗಳು ನನ್ನನ್ನು ಒಂದಷ್ಟು ತಡೆದು ಆಮೇಲೆ ಬಿಟ್ಟುಕೊಡುತ್ತವೆ, 'ಪ' ತಡೆದು ಹಿಡಿದುಕೊಳ್ಳುತ್ತದೆ. ಅದಕ್ಕೆ ಸಿಗದ ಹಾಗೆ ಸಂದುಗೊಂದಿಗಳಲ್ಲಿ ನುಸುಳಿ ಬದುಕುತ್ತಿದ್ದೇನೆ. ಪುಸ್ತಕವನ್ನು ಬುಕ್ಕು ಅನ್ನುತ್ತೇನೆ, ಪೇಟೆಗೆ ಅಂಗಡಿ ಸಾಲು ಅನ್ನುತ್ತೇನೆ. ಸಿಕ್ಕ ಕೆಲಸವಾದರೂ ಎಂಥದು, ಬೆಳಗಿನಿಂದ ಸಂಜೆಯವರೆಗೆ ಪ್ಲಾಸ್ಟರು, ಪಾಲಿಶ್ಶು! ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿಗೆ ನಾನು 'ಬಿಳಿಹಿಟ್ಟು' ಅಂದೆ, ಈಗ ಲ್ಯಾಬಿನವರೆಲ್ಲ ಬಿಳಿಹಿಟ್ಟು ಅನ್ನುತ್ತಾರೆ, ಸಾಮಾನು ತಂದುಕೊಡುವವನೂ ಹಾಗೇ ಬಿಲ್ ಬರೆಯುತ್ತಾನೆ. ಆದರೆ ಮನುಷ್ಯರ ಹೆಸರಿಗೆ ಬದಲಿ ಪದ ಎಲ್ಲಿಂದ ತರುವುದು? ನೀನು ತೊಟ್ಟಿಲಲ್ಲಿ ಗುಂಯ್‌ಗುಟ್ಟುತ್ತಿದ್ದೆ, ಸೊಳ್ಳೆ ಅಂದೆ, ಮನೆಯವರೆಲ್ಲ ನಕ್ಕರು, ನಾನು ಬಚಾವಾದೆ. ನಿನ್ನ ನಿಜವಾದ ಹೆಸರನ್ನು ನನ್ನ ಬಾಯಿಂದ ನೀನು ಒಮ್ಮೆಯೂ ಕೇಳಿಲ್ಲ.

ಆದರೂ ಒಪ್ಪಿಕೊಂಡೆ. ಯಾಕೆಂದರೆ ಕೇಳಿದವನು ನೀನು. ಈ ಮನೆಯಲ್ಲಿ ಚಿಕ್ಕಪ್ಪ ನನ್ನ ಮಾತು ಮುಗಿಸುವ ಗುತ್ತಿಗೆ ಹಿಡಿದಿದ್ದಾರೆ. ನಾನು 'ಬಾ ಬಾ' ಅನ್ನುವಷ್ಟರಲ್ಲಿ 'ಬಾಗ್ಲಾ? ಬಾಳೆಹಣ್ಣಾ? ಬಾವಿನಾ?' ಎಂದು ಅಂಗಡಿ ತೆರೆದುಬಿಡುತ್ತಾರೆ. ಬಾಚಣಿಗೆ ಕೇಳಿ ಬಾಳೆಹಣ್ಣು ತಿಂದು ಎದ್ದಿದ್ದೇನೆ, ಬೇಡ ಅನ್ನುವುದಕ್ಕೂ ಪುರುಸೊತ್ತಿಲ್ಲ. ಅಮ್ಮನಿಗೆ ಪ್ರಾಣ ಹೋದಷ್ಟು ಸಂಕಟ, ಮುಖ ತಿರುಗಿಸಿಕೊಳ್ಳುತ್ತಾರೆ. ಸ್ಕೂಲಿನ ಟೀಚರು 'ಕೂತ್ಕೋಮ್ಮ, ಪರವಾಗಿಲ್ಲ' ಅನ್ನುತ್ತಿದ್ದರು. ನೀನೊಬ್ಬ ಮಾತ್ರ, ಚಡ್ಡಿ ಹಾಕುವ ವಯಸ್ಸಿನಿಂದಲೂ, ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದೆ. ಕಾಲು ಕುಣಿಸುತ್ತಿರಲಿಲ್ಲ, ಆಕಳಿಸುತ್ತಿರಲಿಲ್ಲ. ಒಂದು ಸಲ ಪಕ್ಕದ ಮನೆಯ ಹುಡುಗಿ ನನ್ನ ಮಾತನ್ನು ತಾನೇ ಮುಗಿಸಿದ್ದಕ್ಕೆ ಅವಳ ಕೈ ಕಚ್ಚಿದ್ದೆ ನೀನು. ಅಂಥವನು ಕರೆದ ಎಂದು ಬಂದೆ.

ನೀವು ಸ್ಟುಡಿಯೋ ಅನ್ನುವ ಆ ಹಾಸಿಗೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಗೋಡೆಗೆಲ್ಲ ಹಾಸಿಗೆಯ ಫೋಮು ಅಂಟಿಸಿದ ಗೂಡಿನಲ್ಲಿ ನನ್ನನ್ನು ನಿಲ್ಲಿಸಿದಿರಿ. ಗಾಜಿನಾಚೆ ನೀನು ಮತ್ತು ನಿನ್ನ ಬೀಟು ಮಾಡುವ ಮಹಾನುಭಾವ ಡಬ್ಬ. ಕೆಂಪು ದೀಪ ಹತ್ತಿತು. ನಾನು ಶುರು ಮಾಡಿದೆ, ಸಿಕ್ಕಿಕೊಂಡೆ, ಕಣ್ಣು ಮುಚ್ಚಿ ಎಳೆಯುತ್ತಿದ್ದೆ. ಕಣ್ಣು ತೆರೆದರೆ ನೀವಿಬ್ಬರೂ ಹೆಡ್‌ಫೋನು ಕಿತ್ತೆಸೆದು ಒಬ್ಬರನ್ನೊಬ್ಬರು ತಬ್ಬಿ ಕುಣಿಯುತ್ತಿದ್ದಿರಿ. ಆಮೇಲೆ ನೀನು ಬಾಗಿಲು ತೆರೆದು 'ಸಾಕಕ್ಕ, ಸಿಕ್ತು!' ಅಂದೆ. ಏನು ಸಿಕ್ಕಿತು ಎಂದು ಈಗ ಗೊತ್ತಾಯಿತು. ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದೇ ನಿನಗೆ ಸಿಕ್ಕಿದ್ದು.

ಉಳಿದ ಹಾಡುಗಳ ಬಗ್ಗೆಯೂ ಒಂದು ಮಾತು, ಕೇಳಿದ್ದೀಯಲ್ಲ ಅಭಿಪ್ರಾಯ. ಎರಡನೆಯದರಲ್ಲಿ ಬೀದಿಯಲ್ಲಿ ಬೆಳೆದೆ ಅಂದಿದ್ದೀ. ನೀನು ಬೆಳೆದಿದ್ದು ಅಮ್ಮನ ಸೊಂಟದ ಮೇಲೆ, ಇಳಿಸಿದರೆ ರಂಪ ಮಾಡುತ್ತಿದ್ದೆ. ಮೂರನೆಯದರಲ್ಲಿ ಶತ್ರುಗಳ ಹಲ್ಲು ಉದುರಿಸಿದೆ ಅಂದಿದ್ದೀ. ಹಲ್ಲಿನ ವಿಷಯ ನನಗೆ ಬಿಡು. ನೀನು ಇದುವರೆಗೆ ಉದುರಿಸಿದ್ದು ನಿನ್ನ ಹಾಲುಹಲ್ಲುಗಳನ್ನು ಮಾತ್ರ, ಅದಕ್ಕೂ ಊರು ಒಂದು ಮಾಡಿದ್ದೆ. ನಾಲ್ಕನೆಯದು ಚೆನ್ನಾಗಿದೆ. ಕೋಪದಲ್ಲಿದ್ದರೂ ಸುಳ್ಳು ಹೇಳುವುದಿಲ್ಲ. ಪ್ರಾಸ ಒಂದರ ಮೇಲೊಂದು ಉರುಳಿ ಬರುವಾಗ ಮೈ ಜುಮ್ಮೆಂದಿತು. ಇಷ್ಟು ಮಾತು ಬಾಯಲ್ಲಿರುವವನಿಗೆ ನನ್ನ ಒಂದು ಅಕ್ಷರವೂ ಬೇಕಾಯಿತೇ?

ಆ ಮೊದಲ ಹಾಡಿನಿಂದ ನನ್ನನ್ನು ತೆಗೆ. ಬಿಡುಗಡೆಗೆ ಮುಂಚೆ ತೆಗೆ. ಬೇರೆ ಏನೂ ಕೇಳುತ್ತಿಲ್ಲ.

ಅಕ್ಕ

*

ಮಾರ್ಚ್ ೬

ಸೊಳ್ಳೆಗೆ,

ನಿನ್ನ ಮೆಸೇಜು ಓದಿದೆ. 'ಆಯ್ತಕ್ಕ, ತೆಗೀತೀನಿ. ನೀನು ಬಿಡುಗಡೆಗೆ ಬಾ.' ಇಷ್ಟು ಹೇಳಲು ನಿನಗೆ ಇಷ್ಟು ದಿನ ಬೇಕಾಯಿತು. ನಾನೇ ವಾಸಿ.

ನಡುವೆ ನಿನ್ನ ಡಬ್ಬನನ್ನು ರಾಯಭಾರಕ್ಕೆ ಕಳಿಸಿದ್ದೆಯಲ್ಲ, ಅವನ ಸಾಹಸ ಹೇಳುತ್ತೇನೆ. ನೇರ ಲ್ಯಾಬಿಗೆ ಬಂದ. ನನ್ನ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದ ಹಲ್ಲಿನ ಅಚ್ಚುಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಕೂರಲು ಸ್ಟೂಲು ಕೊಟ್ಟೆ. 'ಅಕ್ಕ, ಕೋಪ ಮಾಡ್ಕೋಬೇಡಿ. ಅದೇ ಈ ಹಾಡಿನ ಹುಕ್ಕು, ಕೇಳೋರ್ನ ಹಿಡಿಯೋ ಕೊಕ್ಕೆ. ಅದನ್ನ ಕಿತ್ರೆ ಹಾಡು ಕುಸ್ದು ಬೀಳುತ್ತೆ' ಎಂದ. ಬೀಳಲಿ ಎಂದು ಕೈಸನ್ನೆ ಮಾಡಿದೆ. 'ನಿಮ್ಮ ದನಿ ಅಂತ ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ಮಷಿನ್ನಲ್ಲಿ ಕತ್ತರ್ಸಿ ಜೋಡ್ಸಿರೋದು ಅಂದ್ಕೋತಾರೆ. ನಾವು ಹಾಗೆ ಎಷ್ಟೋ ಮಾಡ್ತೀವಿ, ನೆಟ್ಟಗಿರೋ ದನೀನ ಬೇಕೂಂತ ಹಾಗೆ ಉಗ್ಗಿಸ್ತೀವಿ.' ನೆಟ್ಟಗಿರುವ ದನಿ! ಪಾಪ, ಅಂದ ಮೇಲೆ ಅವನಿಗೇ ತಿಳಿದು ಕಿವಿಯವರೆಗೂ ಕೆಂಪಾದ. ಪಾಲಿಶ್ ಮಾಡುವವಳು ಮಷಿನ್ನಿನ ಸದ್ದು ಜೋರು ಮಾಡಿ ನಗು ಮುಚ್ಚಿಕೊಂಡಳು.

ಆ ದಿನ ರೆಕಾರ್ಡ್ ಮಾಡಿದ್ದನ್ನು ಪೂರ್ತಿ ಕೊಡುತ್ತೀಯಾ ಎಂದು ಅವನಿಗೆ ಬರೆದು ಕೇಳಿದೆ. ತಲೆ ಕೆರೆದುಕೊಂಡ. 'ಪೂರ್ತಿ ಎಲ್ಲಕ್ಕ ಇರುತ್ತೆ? ಬೇಕಾದ್ದು ಇಟ್ಕೊಂಡು ಮಿಕ್ಕಿದ್ದು ಅವತ್ತೇ ಅಳಿಸ್ಬಿಟ್ಟೆ. ಖಾಲಿ ಜಾಗ, ಉಸಿರು, ಕೆಮ್ಮು, ಇವನ್ನೆಲ್ಲ ಕತ್ತರ್ಸಿ ಬಿಸಾಕೋದೇ ನನ್ನ ಕೆಲಸ. ಇಟ್ಕೊಂಡ್ರೆ ಮಷಿನ್ ತುಂಬ್ಹೋಗುತ್ತೆ.' ಕೆಲಸಗಾರ ಅನ್ನುವುದರಲ್ಲಿ ಅನುಮಾನವಿಲ್ಲ. ಅವನಿಗೆ ಕಾಫಿ ತರಿಸಿ ಕೊಟ್ಟು ಕಳಿಸಿದೆ.

ಹೋಗಲಿ ಬಿಡು. ತೆಗೆಯುತ್ತೇನೆ ಎಂದಿದ್ದೀ, ನಂಬಿದ್ದೇನೆ. ಬಿಡುಗಡೆಗೆ ಅಮ್ಮನನ್ನೂ ಚಿಕ್ಕಪ್ಪನನ್ನೂ ಕರೆದುಕೊಂಡು ಬರುತ್ತೇನೆ. ಚಿಕ್ಕಪ್ಪ ಈಗಲೇ ಷರಟು ಇಸ್ತ್ರಿ ಮಾಡಿಸಿಟ್ಟಿದ್ದಾರೆ. 'ಇದೇನು ಹಾಡೋ ಮಾತೋ? ಮಾತಾದ್ರೆ ಇಷ್ಟು ಅವಸರ ಯಾಕೆ?' ಎಂದು ದಿನಕ್ಕೊಂದು ಸಲ ಕೇಳುತ್ತಾರೆ, ಆದರೆ ಅಕ್ಕಪಕ್ಕದವರಿಗೆ ನೀನು ಏನೋ ಸಾಧಿಸಿದ್ದೀ ಎಂದು ಹೇಳಿಕೊಂಡು ಬಂದಿದ್ದಾರೆ. ಅಮ್ಮ ನಿನ್ನ ಹಾಡುಗಳಲ್ಲಿರುವ ಬೈಗುಳಗಳಿಗೆಲ್ಲ ಕೆಮ್ಮಿ ಮುಚ್ಚಲು ಅಭ್ಯಾಸ ಮಾಡುತ್ತಿದ್ದಾರೆ. ನಾನು ಆ ಕಡುನೀಲಿಯದನ್ನು ಉಟ್ಟುಕೊಂಡು ಬರುತ್ತೇನೆ, ಮುಂದಿನ ಸಾಲಿನಲ್ಲಿ ಜಾಗ ಇಟ್ಟಿರು. ನಾಲ್ಕನೆಯ ಹಾಡಿಗೆ ನಾನೇ ಮೊದಲು ಚಪ್ಪಾಳೆ ಹೊಡೆಯುತ್ತೇನೆ.

ಊಟ ಸರಿಯಾಗಿ ಮಾಡು. ಗಂಟಲು ಒಡೆದಿದೆ ಎಂದು ಅಮ್ಮ ಹೇಳಿದರು, ಬಿಸಿನೀರು ಕುಡಿ, ಸಿಗರೇಟು ಬಿಡು.

ಅಕ್ಕ

*

ಏಪ್ರಿಲ್ ೨೧

ಶ್ರೀಮಾನ್ ತಕರಾರು ಅವರಿಗೆ,

ಇನ್ನು ಮೇಲೆ ಹೀಗೇ ಕರೆಯುತ್ತೇನೆ. ಇದನ್ನು ಅನ್ನಲು ನನ್ನ ನಾಲಿಗೆಗೂ ಅಷ್ಟು ತಕರಾರಿಲ್ಲ.

ಬಾಗಿಲಿಗೆ ಬಂದ ನಿನ್ನನ್ನು ಹಿಂದಕ್ಕೆ ಕಳಿಸಿದೆ, ನೀನು ತಂದ ಹೂಗುಚ್ಛವನ್ನು ಮೆಟ್ಟಿಲ ಮೇಲೇ ಬಾಡಲು ಬಿಟ್ಟೆ, ಉತ್ತರ ಬರೆಯಲಿಲ್ಲ. ಅದಕ್ಕೆಲ್ಲ ಸಮಾಧಾನ ಹೇಳಬೇಕೆಂದು ಅಮ್ಮ ಕೂರಿಸಿದ್ದಾರೆ. 'ಎರಡು ಸಾಲು ಬರಿಯೇ, ಹುಡುಗ ಊಟ ಬಿಟ್ಟಿದ್ದಾನೆ' ಅನ್ನುತ್ತಾರೆ. ಬಿಡಲಿ, ಟೀವಿಯಲ್ಲಿ ಕೆನ್ನೆ ತುಂಬಿಕೊಂಡೇ ಕಾಣುತ್ತದೆ. ಎರಡು ಸಾಲಿನಲ್ಲಿ ಮುಗಿಯುವ ಕೋಪವೂ ಇದಲ್ಲ.

ಬಿಡುಗಡೆಯ ದಿನ ಆ ಹಳೆಯ ಟಾಕೀಸಿನ ಮುಂದಿನ ಸಾಲಿನಲ್ಲಿ ನಮ್ಮನ್ನು ನೀನೇ ಕೈಹಿಡಿದು ಕೂರಿಸಿದೆ. ಚಿಕ್ಕಪ್ಪನ ಮೊಣಕಾಲು ಬೀರುವಿನಷ್ಟು ಎತ್ತರದ ಸ್ಪೀಕರಿಗೆ ತಾಗುತ್ತಿತ್ತು. ನನ್ನ ಕಿವಿಯಲ್ಲಿ 'ಅಕ್ಕ, ನಿನಗೊಂದು ಸರ್‌ಪ್ರೈಸು' ಅಂದೆ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ, ನಂಬಿದ್ದೆನಲ್ಲ. ದೀಪ ಆರಿತು. ಜನ ಕೂಗಿದರು. ಆ ಕತ್ತಲಲ್ಲಿ ಮೊಟ್ಟಮೊದಲು ಬಂದಿದ್ದು ನಾನು. 'ಪ ಪ ಪ ಪ.' ಎದೆಯ ಗೂಡು ನಡುಗುವಷ್ಟು ಜೋರಾಗಿ ನನ್ನ ದನಿ ನನಗೇ ಬಂದು ಬಡಿಯಿತು. ಅಮ್ಮ ನನ್ನ ಕೈ ಹುಡುಕಿ ಹಿಡಿದುಕೊಂಡರು. ಅವರಿಗೆ ಮೊದಲ ಸಲಕ್ಕೇ ಗೊತ್ತಾಗಿತ್ತು, ಹೆತ್ತವರಲ್ಲವೆ.

ಎದ್ದು ಹೊರಟಿದ್ದೆ. ನೀನು ಬಿಡಲಿಲ್ಲ. ಹಾಡು ಮುಗಿಯುವ ಮುಂಚೆಯೇ ಬೆಳಕನ್ನು ನನ್ನ ಮೇಲೆ ಬಿಡಿಸಿ, 'ಈ ಆಲ್ಬಮ್ಮು ಇವ್ಳದ್ದು! ಈ ದನಿ ಇವ್ಳದ್ದು! ನನ್ನ ಅಕ್ಕ!' ಎಂದು ಕಿರುಚಿದೆ. ಇಳಿದು ಬಂದು ಕೈಹಿಡಿದು ಎಳೆದೆ. ಅಷ್ಟು ಜನರ ಮುಂದೆ ಕೈ ಕೊಸರಿಕೊಂಡರೆ ನಿನ್ನ ಮಾನ ಹೋಗುತ್ತದೆ ಎಂದು ಹತ್ತಿದೆ ಕಣೋ. ನನ್ನ ಮಾನದ ಯೋಚನೆ ನಿನಗಿರಲಿಲ್ಲ, ನಿನ್ನ ಮಾನದ ಯೋಚನೆ ನನಗಿತ್ತು. ಮೈಕು ನನ್ನ ಬಾಯಿಗೆ ಹಿಡಿದು 'ಒಂದ್ಸಲ ಹೇಳಕ್ಕ, ಇವ್ರೆಲ್ಲ ಕೇಳ್ಲಿ' ಅಂದೆ.

ನಾನು ಹೇಳಲು ಹೊರಟಿದ್ದು 'ನಿಲ್ಲಿಸು' ಎಂದು. ಸುಲಭದ ಮಾತು, ಮನೆಯಲ್ಲಾದರೆ ಎರಡು ಗುಟುಕಿನಲ್ಲಿ ಬರುತ್ತದೆ. ಅಲ್ಲಿ ಬರಲಿಲ್ಲ. ತುಟಿ ತೆರೆದುಕೊಂಡು ನಿಂತೆ. ಆಗ ಹಿಂದಿನ ಸಾಲಿನಿಂದ ಯಾರೋ 'ಪ ಪ ಪ' ಅಂದರು. ನಕ್ಕರು. ಪಕ್ಕದವರು ಸೇರಿಕೊಂಡರು. ನೋಡನೋಡುತ್ತಿದ್ದಂತೆ ಇಡೀ ಟಾಕೀಸು, ಬಾಲ್ಕನಿ ಸಮೇತ, ತಾಳ ಹಾಕಿಕೊಂಡು 'ಪ ಪ ಪ ಪ' ಎಂದು ನನ್ನ ಮಾತು ಮುಗಿಸತೊಡಗಿತು. ಒಬ್ಬ ಚಿಕ್ಕಪ್ಪನನ್ನು ಸಹಿಸುವುದೇ ಕಷ್ಟ, ನೀನು ಒಂದು ಟಾಕೀಸು ತುಂಬ ಚಿಕ್ಕಪ್ಪಂದಿರನ್ನು ತಂದು ಕೂರಿಸಿದೆ. ನಿನ್ನ ಕಡೆ ನೋಡಿದೆ. ನೀನು ಕಾಯುತ್ತಿದ್ದೀ ಅಂದುಕೊಂಡು ನೋಡಿದೆ. ನೀನು ಎರಡೂ ಕೈ ಮೇಲೆತ್ತಿ ಅವರಿಗೆ ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎಂದು ಸನ್ನೆ ಮಾಡುತ್ತಿದ್ದೆ.

ಮೈಕನ್ನು ನಿನ್ನ ಕೈಗಿಟ್ಟು ಇಳಿದು ಬಂದೆ. ಜನ ಅದಕ್ಕೂ ಚಪ್ಪಾಳೆ ಹೊಡೆದರು.

ಆಮೇಲೆ ಹಿಂದಿನ ಕೋಣೆಯಲ್ಲಿ, ಬೆವರು ಒರೆಸಿಕೊಳ್ಳುತ್ತ ನೀನು ಕೊಟ್ಟ ಸಮಜಾಯಿಷಿಯೂ ನೆನಪಿದೆ. 'ತೆಗ್ದಿದ್ದೆ ಅಕ್ಕ, ನಿನ್ನಾಣೆ ತೆಗ್ದಿದ್ದೆ. ತೆಗ್ದು ಎಷ್ಟೋ ದಿನ ಕೇಳ್ದೆ. ಸತ್ಹೋಗಿತ್ತು ಹಾಡು. ಅದಕ್ಕೆ ಮತ್ತೆ ಹಾಕ್ದೆ. ನೋಡ್ದೆ ತಾನೆ? ಎಲ್ರೂ ನಿನ್ನ ಪ್ರೀತಿಸ್ತಾರೆ ಈಗ.' ಪ್ರೀತಿಸುತ್ತಾರೆ, ನಿಜ. ಹೇಗೆ ಪ್ರೀತಿಸುತ್ತಾರೆ ಎಂದು ಹೇಳುತ್ತೇನೆ ಕೇಳು.

ಪಾಲಿಶ್ ಮಾಡುವವಳು ಅದನ್ನೇ ರಿಂಗ್‌ಟೋನು ಮಾಡಿಕೊಂಡಿದ್ದಾಳೆ. ನನ್ನನ್ನು ಕಂಡಾಗ ಫೋನನ್ನು ಬ್ಯಾಗಿಗೆ ತುರುಕುತ್ತಾಳೆ, ಅದು ಬ್ಯಾಗಿನೊಳಗಿಂದಲೇ ಉಗ್ಗುತ್ತದೆ. ಮೆಡಿಕಲ್ ಶಾಪಿನಲ್ಲಿ ಅಮ್ಮನ ಮಾತ್ರೆ ಕೇಳಲು ಬಾಯಿ ತೆರೆದರೆ, ಅಲ್ಲಿನವನು ಗಾಜಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ. 'ಮೇಡಂ, ನೀವು ಆ ಪ ಪ ಪ ಅಲ್ವಾ? ಸೂಪರ್ ಮೇಡಂ. ಒಂದು ಸೆಲ್ಫಿ' ಎಂದ. ಮಾತ್ರೆ ಸಿಗದೆ ವಾಪಸು ಬಂದೆ. ಈಗ ಎಲ್ಲದಕ್ಕೂ ಚೀಟಿ ಬರೆದುಕೊಂಡು ಹೋಗುತ್ತೇನೆ. ಮೊದಲು ಜನ ಪಾಪ ಅನ್ನುತ್ತಿದ್ದರು, ಇಲ್ಲವೆ ಗಡಿಯಾರ ನೋಡುತ್ತಿದ್ದರು, ಅದಕ್ಕೆ ಒಗ್ಗಿಹೋಗಿದ್ದೆ. ಈಗ ನಾನು ಸಿಕ್ಕಿಕೊಂಡರೆ ತಲೆದೂಗುತ್ತಾರೆ. ಇದಕ್ಕೆ ಹೇಗೆ ಒಗ್ಗಿಕೊಳ್ಳಬೇಕು ಎಂದು ನಿನ್ನ ಹಾಡಿನಲ್ಲಿ ಎಲ್ಲೂ ಹೇಳಿಲ್ಲ.

ಚಿಕ್ಕಪ್ಪನಿಗಂತೂ ಹೊಸ ಆಟ. ನಾನು ಆ ಹಾಡಿನಲ್ಲಿ ಏನು ಹೇಳಲು ಹೊರಟಿದ್ದೆ ಎಂದು ಪಂದ್ಯ ಕಟ್ಟಿದಂತೆ ಊಹಿಸುತ್ತಾರೆ. 'ಪರಮಾತ್ಮಾನಾ? ಪಗಾರಾನಾ? ಪಕ್ಕಕ್ಕೆ ಸರೀರಿ ಅಂತಾನಾ?' ನಿನ್ನ ಅಭಿಮಾನಿಗಳೂ ಅದನ್ನೇ ಮಾಡುತ್ತಿದ್ದಾರಂತೆ, ಪಾಲಿಶ್‌ನವಳು ಫೋನಿನಲ್ಲಿ ತೋರಿಸಿದಳು. ಒಬ್ಬ ಪ್ರತಿಭಟನೆ ಎಂದು ಬರೆದಿದ್ದಾನೆ, ಇನ್ನೊಬ್ಬಳು ಪಾತಾಳ ಎಂದು. ಯಾರೋ ಪಂಡಿತ ಅದಕ್ಕೆ ಉದ್ದದ ವಿವರಣೆಯನ್ನೂ ಕೊಟ್ಟಿದ್ದಾನೆ. ಅಷ್ಟು ಜನ ತಲೆ ಕೆಡಿಸಿಕೊಂಡಿದ್ದಾರೆ, ಒಬ್ಬರಿಗೂ ಅದು ನಿನ್ನ ಹೆಸರಿರಬಹುದು ಎಂದು ಹೊಳೆದಿಲ್ಲ. ಅವರಿಗೆ ನೀನು ಬರೀ ತಕರಾರು.

ಇದನ್ನೆಲ್ಲ ನುಂಗಿಕೊಂಡರೂ ಟೀವಿಯಲ್ಲಿ ನೀನು ಕೊಟ್ಟ ಸಂದರ್ಶನವನ್ನು ನುಂಗಲಾರೆ. ಆ ನಿರೂಪಕಿ ಕಣ್ಣರಳಿಸಿ ಕೇಳಿದಳು, ನೀನು ಎದೆ ಮೇಲೆ ಕೈಯಿಟ್ಟುಕೊಂಡು ಹೇಳಿದೆ: 'ನಮ್ಮಕ್ಕನ ನೋವಿಗೆ ದನಿ ಇರ್ಲಿಲ್ಲ. ನಾನು ದನಿಯಾದೆ.' ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಟೀವಿ ಆರಿಸಿದೆ. ದನಿಯಾಗು ಎಂದು ನಿನ್ನನ್ನು ಕೇಳಿಕೊಂಡವರು ಯಾರು? ನನಗೆ ದನಿ ಇದೆ. ತಡವಾಗಿ ಬರುತ್ತದೆ, ಅಷ್ಟೇ. ಇಷ್ಟು ವರ್ಷ ಅದು ಬರುವವರೆಗೆ ನಿಂತಿರುತ್ತಿದ್ದವನಿಗೆ ಇದನ್ನು ನಾನು ಹೇಳಿಕೊಡಬೇಕೇ? ನೋವು ಎಂದು ಹೆಸರಿಟ್ಟವನೂ ನೀನೇ. ನಾನು ಹಲ್ಲು ಮಾಡುತ್ತೇನೆ, ಅಮ್ಮನನ್ನು ನೋಡಿಕೊಳ್ಳುತ್ತೇನೆ, ಪಾಲಿಶ್‌ನವಳ ಜೊತೆ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ, ಸಂಬಳ ಬಂದರೆ ಸಿನಿಮಾ ನೋಡುತ್ತೇನೆ. ಮಾತು ನಿಧಾನ ಎನ್ನುವುದು ಬಿಟ್ಟರೆ ನನಗೇನೂ ಆಗಿರಲಿಲ್ಲ. ಆಗಿದ್ದು ಈಗ.

ಅಮ್ಮ ನಿನ್ನ ವಕೀಲರಾಗಿದ್ದಾರೆ. 'ನಿನ್ನ ಮೇಲಿನ ಆಸೆಗೇ ಮಾಡಿದ್ದಾನೆ ಕಣೇ, ಕೆಟ್ಟವನಲ್ಲ' ಅನ್ನುತ್ತಾರೆ. ಅದೇ ನನಗೆ ಉರಿಯುವುದು. ಕೆಟ್ಟವನಾಗಿದ್ದರೆ ಬೈದು, ಬಾಗಿಲು ಹಾಕಿ, ಕೈ ತೊಳೆದುಕೊಳ್ಳುತ್ತಿದ್ದೆ. ನೀನು ಒಳ್ಳೆಯವನ ಹಾಗೆ ಹೂವು ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಅಳುತ್ತ ಕೂತೆ. ಬೀದಿಯವರೆಲ್ಲ ನನ್ನನ್ನೇ ಕಲ್ಲು ಹೃದಯದವಳು ಎಂದರು. ನಿನ್ನ ಕಣ್ಣೀರಿಗೂ ಒಂದು ಬೀಟು ಹಾಕಿಕೊಡಲಿ ನಿನ್ನ ಡಬ್ಬ.

ಹಾಡನ್ನು ತೆಗೆಸು ಎಂದು ಮತ್ತೆ ಕೇಳುವುದಿಲ್ಲ. ಊರೆಲ್ಲ ಹರಡಿದ್ದನ್ನು ಎಲ್ಲೆಂದು ಹುಡುಕಿ ತೆಗೆಯುತ್ತೀ? ಬೇರೆ ಒಂದು ಕೇಳುತ್ತೇನೆ. ಮನೆಗೆ ಬರಬೇಡ. ನಾನೇ ಕರೆಯುವವರೆಗೆ ಬರಬೇಡ. ಅಮ್ಮನನ್ನು ನೋಡಬೇಕಾದರೆ ನಾನು ಕೆಲಸಕ್ಕೆ ಹೋದಾಗ ಬಂದು ಹೋಗು, ಬೀಗದ ಕೈ ಎಲ್ಲಿರುತ್ತದೆಂದು ಗೊತ್ತಲ್ಲ. ಅಡುಗೆ ಮುಚ್ಚಿಟ್ಟಿರುತ್ತೇನೆ, ಬಿಸಿ ಮಾಡಿಕೊಂಡು ತಿನ್ನು, ತಟ್ಟೆ ತೊಳೆದಿಡು.

ಆಶೀರ್ವಾದ ಮಾಡದೆ ಕಾಗದ ಮುಗಿಸಬಾರದು ಎಂದು ಅಮ್ಮ ಬೆನ್ನ ಹಿಂದೆ ನಿಂತು ಕಾಯುತ್ತಿದ್ದಾರೆ. ಸರಿ. ನಿನ್ನ ಗಂಟಲು ಯಾವತ್ತೂ ಕಟ್ಟದಿರಲಿ. ಬಾಯಿಗೆ ಬಂದಿದ್ದೆಲ್ಲ ಪ್ರಾಸವಾಗಿ ಬರಲಿ. ಮುಂದಿನ ಆಲ್ಬಮ್ಮು ಇದಕ್ಕಿಂತ ಚೆನ್ನಾಗಿರಲಿ, ಅದರಲ್ಲಿ ಎಲ್ಲ ಅಕ್ಷರಗಳೂ ನಿನ್ನವೇ ಆಗಿರಲಿ. ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಆದರೂ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಚೆನ್ನಾಗಿ ಬಾಳು.

ಅಕ್ಕ

ತಾ. ಕ.: ಅಮ್ಮ ಒಳಗೆ ಹೋದರು. ಇದನ್ನು ಅವರು ಓದುವುದು ಬೇಡ. ನನ್ನ ಉಗ್ಗನ್ನು ಹಾಡಿಗೆ ಹಾಕಿದೆ ಎಂದು ನಾನು ಕುದಿಯುತ್ತಿದ್ದೇನೆ ಎಂದೇ ನೀನು ತಿಳಿದಿದ್ದೀ. ಅದು ಹೌದು, ಆದರೆ ಅದನ್ನ ಹೇಗೋ ಮರೆತೇನು. ನೀನು ಸ್ಟುಡಿಯೋಗೆ ಬಾ ಎಂದು ಕರೆದ ಮೇಲೆ ದಿನಾ ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ, ಆ ಅಚ್ಚುಗಳನ್ನು ಎದುರಿಗೆ ಕೂರಿಸಿಕೊಂಡು ನಿನ್ನ ಹೆಸರನ್ನು ಅಭ್ಯಾಸ ಮಾಡಿದ್ದೆ. ಅಲ್ಲಿ ಒಂದು ಸಲವೂ ಬರಲಿಲ್ಲ. ಸ್ಟುಡಿಯೋದಲ್ಲಿ ಬಂತು. ನೀವಿಬ್ಬರೂ ಹೆಡ್‌ಫೋನು ಕಿತ್ತೆಸೆದು ಕುಣಿಯುತ್ತಿದ್ದಿರಲ್ಲ, ಆಗ ನಾನಿನ್ನೂ ಮುಗಿಸಿರಲಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು, ನಾನು ಎಳೆಯುತ್ತಲೇ ಇದ್ದೆ, ಇದ್ದಕ್ಕಿದ್ದಂತೆ ಗಂಟಲು ಬಿಟ್ಟುಕೊಂಡು ಪೂರ್ತಿ ಬಂತು. ನಿನ್ನ ಹೆಸರು, ಇವನು ನನ್ನ ತಮ್ಮ, ಇವನ ಮಾತು ಕೇಳಿ. ಎಲ್ಲೂ ತಡೆಯದೆ ಹೇಳಿದೆ. ಕೇಳಿಸಿಕೊಂಡಿದ್ದು ಗೋಡೆಯ ಫೋಮು. ಡಬ್ಬ ಮಿಕ್ಕಿದ್ದು ಎಂದು ಅಳಿಸಿದ್ದು ಅದನ್ನೇ. ಆಮೇಲೆ ಎಷ್ಟೋ ಸಲ ಪ್ರಯತ್ನಪಟ್ಟೆ, ಮತ್ತೆ ಬರಲೇ ಇಲ್ಲ. ನೀನು ಇನ್ನೊಂದು ಚೂರು ಹೊತ್ತು ಕಾಯಬೇಕಿತ್ತು ಕಣೋ. ಆ ಹೆಸರನ್ನು ಇಲ್ಲಿ ಬರೆಯಬಹುದು. ಬರೆಯುವುದು ನನಗೆ ಯಾವತ್ತೂ ಕಷ್ಟವಿರಲಿಲ್ಲ, ಅದಕ್ಕೇ ಬರೆಯುವುದಿಲ್ಲ.